ಒಂದು ಕೇಬಲ್, ಎರಡು ಡ್ರೈವ್

ಕೇಳುಗರೆಲ್ಲರಿಗೂ ನಮಸ್ಕಾರ.

ತೊಂಬತ್ತರ ದಶಕದ ಕಂಪ್ಯೂಟರ್ ಬಿಚ್ಚಿ ನೋಡಿದವರಿಗೆ ಬೂದು ಬಣ್ಣದ ಆ ಅಗಲವಾದ ಪಟ್ಟಿ ಕೇಬಲ್ ನೆನಪಿರುತ್ತದೆ. ಹಾರ್ಡ್ ಡಿಸ್ಕ್, ಸಿಡಿ ಡ್ರೈವ್‌ಗಳನ್ನು ಮದರ್‌ಬೋರ್ಡಿಗೆ, ಅಂದರೆ ಕಂಪ್ಯೂಟರಿನ ಮುಖ್ಯ ಫಲಕಕ್ಕೆ, ಜೋಡಿಸುತ್ತಿದ್ದದ್ದು ಅದೇ. ಒಂದು ಅಂಚಿಗೆ ಕೆಂಪು ಗೆರೆ, ತುದಿಯಲ್ಲಿ 40 ಪಿನ್ನಿನ ಕನೆಕ್ಟರ್. ಮದರ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ಇಂಥ ಕೇಬಲ್‌ಗೆಂದು ಎರಡು ಚಾನೆಲ್, ಅಂದರೆ ಡೇಟಾ ಓಡಾಡುವ ಎರಡು ದಾರಿ: ಪ್ರೈಮರಿ, ಸೆಕೆಂಡರಿ. ಒಂದೊಂದಕ್ಕೂ ಎರಡೆರಡು ಡ್ರೈವ್ ಹಾಕಬಹುದಿತ್ತು. ಮಾಸ್ಟರ್, ಅಂದರೆ ಮೊದಲನೆಯದು ಯಾವುದು, ಸ್ಲೇವ್, ಅಂದರೆ ಎರಡನೆಯದು ಯಾವುದು ಅನ್ನುವುದು ಡ್ರೈವಿನ ಹಿಂಬದಿಯ ಪಿನ್‌ಗಳಿಗೆ ಸಿಕ್ಕಿಸುವ ಜಂಪರ್ ಎಂಬ ಪುಟ್ಟ ತುಣುಕಿನಿಂದ ತೀರ್ಮಾನವಾಗುತ್ತಿತ್ತು.

ಒಂದೇ ಕೇಬಲಿನ ಎರಡು ಡ್ರೈವ್‌ಗಳಲ್ಲಿ ಒಂದು ಕೆಲಸದಲ್ಲಿದ್ದರೆ ಇನ್ನೊಂದು ಕಾಯಲೇಬೇಕು. ಗೀರು ಬಿದ್ದ ಸಿಡಿಯೊಂದನ್ನು ಡ್ರೈವ್ ಮತ್ತೆ ಮತ್ತೆ ಓದಲು ಹೆಣಗುತ್ತಿದ್ದರೆ, ಪಕ್ಕದ ಹಾರ್ಡ್ ಡಿಸ್ಕೂ ಸುಮ್ಮನೆ ಕೂರಬೇಕು. ಅದಕ್ಕೇ ತಿಳಿದವರು ಹಾರ್ಡ್ ಡಿಸ್ಕನ್ನು ಪ್ರೈಮರಿಗೂ ಸಿಡಿ ಡ್ರೈವನ್ನು ಸೆಕೆಂಡರಿಗೂ ಜೋಡಿಸುತ್ತಿದ್ದರು. ಆ ಎರಡು ಚಾನೆಲ್‌ಗಳಿಗೆ 14, 15 ಎಂಬ ಬೇರೆ ಬೇರೆ ಇಂಟರಪ್ಟ್‌ಗಳಿದ್ದವು, ಅಂದರೆ ಪ್ರೊಸೆಸರಿನ ಗಮನ ಸೆಳೆಯುವ ಸಂಕೇತಗಳಿದ್ದವು. ಒಂದರ ಹಂಗು ಇನ್ನೊಂದಕ್ಕಿಲ್ಲ ಎಂಬುದು ಎಲ್ಲರ ನಂಬಿಕೆ.

ಈ ನಂಬಿಕೆಗೆ ಏಟು ಕೊಟ್ಟದ್ದು ಸಿಎಂಡಿ 640 ಎಂಬ ಕಂಟ್ರೋಲರ್, ಅಂದರೆ ಈ ಚಾನೆಲ್‌ಗಳನ್ನು ನಡೆಸುವ ಚಿಪ್. ಹೊರಗೆ ಎರಡು ಚಾನೆಲ್ ಕಂಡರೂ ಒಳಗೆ ಅವು ನಿಜವಾಗಿ ಸ್ವತಂತ್ರವಾಗಿರಲಿಲ್ಲ. ಎರಡಕ್ಕೂ ಒಟ್ಟಿಗೆ ಕೆಲಸ ಬಿದ್ದರೆ ಡೇಟಾ ಕೆಡುತ್ತಿತ್ತು. ಕಂಪ್ಯೂಟರ್ ನಿಂತುಹೋದರೆ ತೊಂದರೆ ಇದೆ ಎಂದಾದರೂ ಗೊತ್ತಾಗುತ್ತದೆ. ಸದ್ದಿಲ್ಲದೆ ಕೆಟ್ಟ ಫೈಲ್ ಹಾಗಲ್ಲ, ಬೇಕಾದ ದಿನ ತೆರೆದಾಗಲೇ ಅದರ ಗತಿ ತಿಳಿಯುವುದು. ನನ್ನ ಪ್ರಕಾರ ಶೇಖರಣೆಯಲ್ಲಿ ಇದಕ್ಕಿಂತ ದೊಡ್ಡ ದೋಷವಿಲ್ಲ.

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬರೆದವರು ಇದಕ್ಕೆ ನೇರವಾದ ದಾರಿ ಹುಡುಕಿದರು. ಈ ಚಿಪ್ ಕಂಡರೆ ಸಾಕು, ಒಂದು ಚಾನೆಲಿನ ಕೆಲಸ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬಾರದು. ವೇಗ ತಗ್ಗಿತು, ಡೇಟಾ ಉಳಿಯಿತು. ನಿಧಾನವೇ ಪ್ರಧಾನ ಎಂದು ಅವರು ಆರಿಸಿಕೊಂಡದ್ದು ನನಗೆ ತುಂಬ ಸರಿ ಅನ್ನಿಸುತ್ತದೆ.

2003ರ ಸುಮಾರಿಗೆ ಬಂದ ಸಾಟಾ ಎಂಬ ಹೊಸ ಜೋಡಣೆ ವಿಧಾನದಲ್ಲಿ ಡ್ರೈವಿಗೊಂದು ಸಪೂರ ಕೇಬಲ್. ಹಂಚಿಕೊಳ್ಳುವ ಗೋಜೂ ಹೋಯಿತು, ಮಾಸ್ಟರ್‌-ಸ್ಲೇವ್ ಜಂಪರೂ ಹೋಯಿತು. ಮುಂದೆ ಒಂದೇ ಡ್ರೈವ್ 32 ಆದೇಶಗಳವರೆಗೆ ಕೈಯಲ್ಲಿಟ್ಟುಕೊಂಡು, ಅನುಕೂಲವಾದ ಕ್ರಮದಲ್ಲಿ ಮುಗಿಸುವುದನ್ನೂ ಕಲಿಯಿತು.

ತಿರುಗುವ ತಟ್ಟೆಯ ಬದಲು ಫ್ಲ್ಯಾಶ್ ಎಂಬ ಮೆಮೊರಿ ಚಿಪ್‌ಗಳಲ್ಲಿ ಡೇಟಾ ಇಡುವ ಇಂದಿನ ಎಸ್‌ಎಸ್‌ಡಿಯಲ್ಲಿ ಚಾನೆಲ್‌ಗಳು ಡ್ರೈವಿನ ಒಳಗೇ ಇವೆ, ಸಾಮಾನ್ಯವಾಗಿ ನಾಲ್ಕು ಅಥವಾ ಎಂಟು. ಫ್ಲ್ಯಾಶ್ ಚಿಪ್ಪಿಗೆ ಬರೆಯುವುದು ಓದುವುದಕ್ಕಿಂತ ನಿಧಾನದ ಕೆಲಸ. ಒಂದು ಚಿಪ್ ಬರೆದುಕೊಳ್ಳುತ್ತಿರುವಾಗಲೇ ಕಂಟ್ರೋಲರ್ ಉಳಿದವುಗಳಿಗೆ ಡೇಟಾ ಹಂಚುತ್ತಾ ಹೋಗುತ್ತದೆ. ಕಡಿಮೆ ಸಾಮರ್ಥ್ಯದ ಡ್ರೈವಿನಲ್ಲಿ ಹೀಗೆ ಹಂಚಲು ಚಿಪ್‌ಗಳೇ ಕಡಿಮೆ. ಒಂದೇ ಮಾದರಿಯ ಎಸ್‌ಎಸ್‌ಡಿಯಲ್ಲಿ ಚಿಕ್ಕದಕ್ಕಿಂತ ದೊಡ್ಡದು ಎಷ್ಟೋ ಸಲ ಬೇಗ ಬರೆಯುವುದು ಈ ಕಾರಣಕ್ಕೆ.

ನಮಸ್ಕಾರ.