ವೀಳ್ಯದೆಲೆ ತರಕಾರಿಯೇ, ಮಹಾಸ್ವಾಮಿ?

ಕೇಳುಗರೇ, ನಮಸ್ಕಾರ. ಬೆಳಗಿನ ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡಿರುವವರು ಯಾರು ಅಂತ ನನಗೆ ಚೆನ್ನಾಗಿ ಗೊತ್ತು. ಒಬ್ಬರು ಅಡುಗೆಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದೀರಿ. ಇನ್ನೊಬ್ಬರು ಅಂಗಡಿಯ ಶಟರ್ ಎತ್ತಿ ಊದುಬತ್ತಿ ಹಚ್ಚುತ್ತಿದ್ದೀರಿ. ಇವತ್ತಿನ ಮಾತು ನಿಮ್ಮಿಬ್ಬರಿಗೇ.

ನಾನು ಮಾರಾಟ ತೆರಿಗೆ ಕೇಸು ನಡೆಸುತ್ತಾ ತಲೆಗೂದಲು ಕಳೆದುಕೊಂಡ ವಕೀಲ. ಮಳೆಗಾಲದ ತಾಳಮದ್ದಳೆ ಕೂಟಗಳಲ್ಲಿ, ಅಂದರೆ ವೇಷ ಕುಣಿತ ಇಲ್ಲದ ಮಾತಿನ ಯಕ್ಷಗಾನದಲ್ಲಿ, ಹಾಸ್ಯದ ಪಾತ್ರಗಳಿಗೆ ಅರ್ಥ ಹೇಳುವವನೂ ಹೌದು. ಎರಡೂ ಒಂದೇ ಕೆಲಸ ಅಲ್ವಾ ಅಂತ ನನ್ನ ಹೆಂಡತಿ ಕೇಳುತ್ತಾಳೆ. ಹೌದು, ಒಂದೇ ಕೆಲಸ. ಹೇಗೆ ಅಂತ ಹೇಳುತ್ತೇನೆ.

ಯಕ್ಷಗಾನದಲ್ಲಿ ರಾಜ ಸಿಂಹಾಸನದ ಮೇಲೆ ಕುಳಿತು "ಯಾರಲ್ಲಿ?" ಎಂದು ಗುಡುಗುತ್ತಾನೆ. ಹಾಸ್ಯಗಾರ ಓಡಿ ಬಂದು, "ಅಲ್ಲಿ ಯಾರೂ ಇಲ್ಲ ಪ್ರಭೂ, ನಾನು ಇಲ್ಲಿದ್ದೇನೆ" ಎನ್ನುತ್ತಾನೆ. ಜನ ನಗುತ್ತಾರೆ. ಯಾಕೆ? ಅವನ ಮಾತಿನಲ್ಲಿ ತಪ್ಪೇನಿದೆ? ಏನೂ ಇಲ್ಲ. ರಾಜ ಕೇಳಿದ ಪ್ರಶ್ನೆಗೆ ಅಕ್ಷರ ಬಿಡದೆ ಉತ್ತರ ಕೊಟ್ಟಿದ್ದಾನೆ. ಕೋರ್ಟ್ ಮಾಡುವುದೂ ಅದನ್ನೇ. ತರ್ಕ ಹುಚ್ಚಲ್ಲ, ಪ್ರಶ್ನೆ ಹುಚ್ಚು. ಇದೊಂದನ್ನು ನೆನಪಿಟ್ಟುಕೊಳ್ಳಿ. ಇವತ್ತು ನಾನು ಹೇಳುವುದು ಇಷ್ಟೇ, ಮಿಕ್ಕದ್ದೆಲ್ಲ ಒಗ್ಗರಣೆ.

ಹುಚ್ಚು ಪ್ರಶ್ನೆ ಎಲ್ಲಿಂದ ಬರುತ್ತದೆ? ತೆರಿಗೆ ಪಟ್ಟಿಯಿಂದ. ಸರ್ಕಾರ ಒಂದು ಪಟ್ಟಿ ಮಾಡುತ್ತದೆ. ಇದಕ್ಕೆ ತೆರಿಗೆ ಇಲ್ಲ, ಇದಕ್ಕೆ ಶೇಕಡಾ 5, ಇದಕ್ಕೆ 18. ಪಟ್ಟಿಯಲ್ಲಿ ಪದಾರ್ಥ ಇರುವುದಿಲ್ಲ, ಪದ ಇರುತ್ತದೆ. ಪದಕ್ಕೂ ಪದಾರ್ಥಕ್ಕೂ ನಡುವೆ ಒಬ್ಬ ವಕೀಲ ಇರುತ್ತಾನೆ. ಅವನೇ ನಾನು.

ಈಗ ನನ್ನ ಇಷ್ಟದ ಕತೆಗೆ ಬರುತ್ತೇನೆ. ಇದು ಮಹಾರಾಷ್ಟ್ರದ ಅಕೋಲಾದ ಕೇಸು. ಅಲ್ಲಿ ಒಬ್ಬರು ವೀಳ್ಯದೆಲೆ ವ್ಯಾಪಾರಿ. ಅಲ್ಲಿನ 1947ರ ಮಾರಾಟ ತೆರಿಗೆ ಕಾನೂನಿನಲ್ಲಿ ತರಕಾರಿಗೆ ತೆರಿಗೆ ಇರಲಿಲ್ಲ. ಮೊದಲು ವೀಳ್ಯದೆಲೆಗೂ ಇರಲಿಲ್ಲ, ಪಟ್ಟಿಯಲ್ಲಿ ಅದರ ಹೆಸರು ಬೇರೆಯಾಗಿಯೇ ಇತ್ತು. 1948ರಲ್ಲಿ ಆ ಹೆಸರನ್ನು ತೆಗೆದುಹಾಕಿದರು. ತೆರಿಗೆಯವರು ಬಂದು ಕಟ್ಟಿ ಎಂದರು. ವ್ಯಾಪಾರಿ ಏನು ಮಾಡಿದರು? "ವೀಳ್ಯದೆಲೆಯ ಹೆಸರು ಹೋದರೆ ಹೋಗಲಿ, ತರಕಾರಿ ಎನ್ನುವ ಪದ ಇನ್ನೂ ಇದೆಯಲ್ಲ? ವೀಳ್ಯದೆಲೆಯೂ ತರಕಾರಿಯೇ" ಎಂದರು. ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ತೀರ್ಪು ಬಂದದ್ದು 1961ರಲ್ಲಿ.

ನಾನು ಆಗಷ್ಟೇ ಕರಿ ಕೋಟು ಹಾಕಿದ ದಿನಗಳಲ್ಲಿ ನಮ್ಮ ಸೀನಿಯರ್ ಈ ತೀರ್ಪಿನ ಪುಸ್ತಕವನ್ನು ಕೈಗೆ ಕೊಟ್ಟು, "ನಾಳೆ ಬಾ, ವ್ಯಾಪಾರಿಯ ಪರವಾಗಿ ನೀನು ವಾದ ಮಾಡು, ನೋಡೋಣ" ಎಂದರು. ಸುಮ್ನೆ ಅಭ್ಯಾಸಕ್ಕೆ. ಸೋತುಹೋದ ಪಕ್ಷವನ್ನೇ ಕೊಟ್ಟಿದ್ದರು, ಕಿಲಾಡಿ ಮನುಷ್ಯ. ನಾನು ಮನೆಗೆ ಬಂದೆ. ನಮ್ಮ ಸೋದರತ್ತೆ ಹಿಂದಿನ ಜಗಲಿಯಲ್ಲಿ ಮೆಟ್ಟುಕತ್ತಿಯ ಮೇಲೆ ಒಂದು ಕಾಲು ಊರಿ ಕುಳಿತು ಬಸಳೆ ಹೆಚ್ಚುತ್ತಿದ್ದರು. ಪಕ್ಕದಲ್ಲಿ ಅವರ ಎಲೆ ಅಡಿಕೆ ತಟ್ಟೆ. ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಬಸಳೆಯೂ ಬಳ್ಳಿ, ವೀಳ್ಯದೆಲೆಯೂ ಬಳ್ಳಿ. ಅದೂ ಹಸಿರು, ಇದೂ ಹಸಿರು. ನನಗೆ ಖುಷಿಯಾಯಿತು. ಕೋರ್ಟೇ ಮನೆಗೆ ಬಂದ ಹಾಗಾಯಿತಲ್ಲ!

ನಾನು ಅಂಗಳದಲ್ಲಿ ನಿಂತು ವಾದ ಶುರು ಮಾಡಿದೆ. "ಅತ್ತೆ, ಕೇಳಿ. ಬಸಳೆ ಒಂದು ಎಲೆ. ವೀಳ್ಯದೆಲೆಯೂ ಒಂದು ಎಲೆ. ಬಸಳೆಗೆ ನೀರು ಹಾಕುತ್ತೀರಿ, ಇದಕ್ಕೂ ಹಾಕುತ್ತೀರಿ. ಬಸಳೆ ಬಾಯಿಗೆ ಹೋಗುತ್ತದೆ, ಇದೂ ಬಾಯಿಗೇ ಹೋಗುತ್ತದೆ. ಎರಡನ್ನೂ ಸಂತೆಯಲ್ಲಿ ಕಟ್ಟು ಕಟ್ಟಿ ಮಾರುತ್ತಾರೆ. ಹಾಗಾದರೆ ಬಸಳೆ ತರಕಾರಿಯಾದರೆ ವೀಳ್ಯದೆಲೆ ಯಾಕೆ ತರಕಾರಿ ಅಲ್ಲ?"

ಅತ್ತೆ ಕೈ ನಿಲ್ಲಿಸಲಿಲ್ಲ. ಬಸಳೆ ದಂಟು ಕಚಕ್ ಕಚಕ್ ಎಂದು ಬೀಳುತ್ತಲೇ ಇತ್ತು. ಕೊನೆಗೆ ಹೇಳಿದರು: "ಆಯ್ತು ಮಾಣಿ. ಇವತ್ತು ಮಧ್ಯಾಹ್ನ ನಿನಗೆ ವೀಳ್ಯದೆಲೆ ಹುಳಿ ಮಾಡಿ ಬಡಿಸ್ತೇನೆ. ಊಟ ಆದ ಮೇಲೆ ಬಸಳೆ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ ಕೊಡ್ತೇನೆ. ಆಗಬಹುದಾ?"

ಅಷ್ಟೇ, ಕೇಸು ಮುಗಿಯಿತು.

ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ, ಅತ್ತೆಗಿಂತ ಸ್ವಲ್ಪ ಜಾಸ್ತಿ ಪುಟಗಳಲ್ಲಿ. ಸಸ್ಯಶಾಸ್ತ್ರದ ಅರ್ಥ ಬೇಡ, ನಿಘಂಟಿನ ಅರ್ಥವೂ ಬೇಡ. ಜನ ದಿನನಿತ್ಯ ಯಾವುದನ್ನು ತರಕಾರಿ ಎನ್ನುತ್ತಾರೋ ಅದೇ ತರಕಾರಿ. ಅಂದರೆ ಕೈತೋಟದಲ್ಲೋ ಹೊಲದಲ್ಲೋ ಬೆಳೆದು ಊಟಕ್ಕೆ ಬಳಸುವಂಥದ್ದು. ವೀಳ್ಯದೆಲೆ ಅದಲ್ಲ. ತೆರಿಗೆ ಕಟ್ಟಿ. ಮರುದಿನ ನಾನು ಸೀನಿಯರ್ ಮುಂದೆ ಅತ್ತೆಯ ಮಾತನ್ನೇ ಒಪ್ಪಿಸಿದೆ. ಅವರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಎಷ್ಟೋ ವರ್ಷ ನಮ್ಮ ಆಫೀಸಿನಲ್ಲಿ ಕಷ್ಟದ ಕೇಸು ಬಂದರೆ, "ಅತ್ತೆಗೆ ಒಂದು ಮಾತು ಕೇಳಿಕೊಂಡು ಬಾ" ಎನ್ನುವುದು ವಾಡಿಕೆಯಾಗಿತ್ತು.

ಈಗ ಹೇಳಿ, ಇಲ್ಲಿ ನಗು ಎಲ್ಲಿದೆ? ತೀರ್ಪಿನಲ್ಲಾ? ಅಲ್ಲ. ತೀರ್ಪು ಅತ್ತೆಯಷ್ಟೇ ವಿವೇಕದ್ದು. ದೇಶದ ಅತಿ ದೊಡ್ಡ ಕೋರ್ಟ್ ಕುಳಿತು, ಗಂಭೀರವಾಗಿ, ತಾಂಬೂಲವನ್ನು ಹುಳಿಗೆ ಹಾಕಬಹುದೇ ಎಂದು ಯೋಚಿಸಬೇಕಾಗಿ ಬಂತಲ್ಲ, ನಗು ಅಲ್ಲಿದೆ. ತರ್ಕ ಹುಚ್ಚಲ್ಲ, ಪ್ರಶ್ನೆ ಹುಚ್ಚು. "ಕೋರ್ಟಿಗೆ ಬೇರೆ ಕೆಲಸ ಇಲ್ವಾ" ಅಂತ ವಾಟ್ಸಾಪಿನಲ್ಲಿ ಕಳಿಸುತ್ತೀರಲ್ಲ, ದಯವಿಟ್ಟು ಕಳಿಸಬೇಡಿ. ನನಗಂತೂ ಕಳಿಸಲೇಬೇಡಿ. ಆ ಪ್ರಶ್ನೆಯನ್ನು ಕೋರ್ಟ್ ಹುಟ್ಟಿಸಿದ್ದಲ್ಲ.

ಗಡಿಯಾರ ನೋಡಿದೆ. ಅತ್ತೆ ಅರ್ಧಕ್ಕಿಂತ ಜಾಸ್ತಿ ಸಮಯ ತಿಂದುಬಿಟ್ಟರು. ಬೇಗ ಬೇಗ ಹೇಳುತ್ತೇನೆ.

1962ರಲ್ಲಿ ಕಬ್ಬಿನ ಸರದಿ. ಬಿಹಾರದ ಕೇಸು. ಕಬ್ಬು ಹಸಿ ತರಕಾರಿಯೇ? ಅಲ್ಲ ಎಂದಿತು ಸುಪ್ರೀಂ ಕೋರ್ಟ್. 1977ರಲ್ಲಿ ಪಶ್ಚಿಮ ಬಂಗಾಳದಿಂದ ಹಸಿ ಶುಂಠಿ ಬಂತು. ಅಲ್ಲಿನ ಕಾನೂನಿನಲ್ಲಿ ತರಕಾರಿಯನ್ನು ವಿವರಿಸುತ್ತಾ ಸಬ್ಜಿ, ತರ್ಕಾರಿ, ಶಾಕ ಅಂತ ಜನರ ಮಾತನ್ನೇ ಬರೆದಿದ್ದರು. ನೋಡಿ, ನಮ್ಮ ಪದವೇ! ಶುಂಠಿ ತರಕಾರಿಯೇ ಎಂದು ತೀರ್ಪಾಯಿತು. ಇದನ್ನು ಅತ್ತೆ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. "ಶುಂಠಿ ಪಲ್ಯ ಮಾಡಿದವರು ಯಾರಾದರೂ ಇದ್ದರೆ ಕರ್ಕೊಂಡು ಬಾ" ಎನ್ನುತ್ತಿದ್ದರು.

ಇಂಗ್ಲೆಂಡಿನಲ್ಲೂ ಹೀಗೆಯೇ. ಅಲ್ಲಿ ಕೇಕಿಗೆ ತೆರಿಗೆ ಇಲ್ಲ, ಚಾಕೊಲೇಟ್ ಮೆತ್ತಿದ ಬಿಸ್ಕತ್ತಿಗೆ ಇದೆ. 1991ರಲ್ಲಿ ಜಾಫಾ ಕೇಕ್ ಎನ್ನುವ ತಿನಿಸು ಕೇಕೋ ಬಿಸ್ಕತ್ತೋ ಎಂದು ವಿಚಾರಣೆ ನಡೆಯಿತು. ತುಂಬ ದಿನ ಹಾಗೇ ಇಟ್ಟರೆ ಏನಾಗುತ್ತದೆ ಎನ್ನುವುದನ್ನೂ ನೋಡಿದರು. ಬಿಸ್ಕತ್ತು ಮೆತ್ತಗಾಗುತ್ತದೆ, ಕೇಕು ಗಟ್ಟಿಯಾಗುತ್ತದೆ. ಇದು ಗಟ್ಟಿಯಾಗುತ್ತಿತ್ತು. ಕೇಕೇ ಎಂದರು. ಚಕ್ಕುಲಿ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದೆ ಬೈಸಿಕೊಂಡ ಯಾವ ಮಗುವಿಗಾದರೂ ಈ ಶಾಸ್ತ್ರ ಗೊತ್ತು.

ನಮ್ಮ ಬೆಂಗಳೂರಿಗೆ ಬರೋಣ. 2020ರಲ್ಲಿ ಇಡ್ಲಿ ದೋಸೆ ಹಿಟ್ಟು ಮಾರುವ ಒಂದು ಕಂಪನಿ, ನಮ್ಮ ಪರೋಟವನ್ನು ರೊಟ್ಟಿ ಎಂದು ಲೆಕ್ಕ ಹಾಕಬಹುದೇ ಎಂದು ಜಿಎಸ್‌ಟಿಯ ಪ್ರಾಧಿಕಾರವನ್ನು ಕೇಳಿತು. ಆಗ ರೊಟ್ಟಿ ಚಪಾತಿಗೆ ಶೇಕಡಾ 5 ಇತ್ತು. ಪ್ರಾಧಿಕಾರ ಆಗಲ್ಲ ಎಂದಿತು. ಯಾಕೆಂದರೆ ರೊಟ್ಟಿಯನ್ನು ಹಾಗೇ ತಿನ್ನಬಹುದು, ಪ್ಯಾಕೆಟ್ಟಿನ ಪರೋಟವನ್ನು ಮತ್ತೆ ಬಿಸಿ ಮಾಡಬೇಕು. ಆದ್ದರಿಂದ 18. ನಮ್ಮ ಮನೆಯಲ್ಲಿ ರಾತ್ರಿ ಮಿಕ್ಕ ಚಪಾತಿಯನ್ನು ಬೆಳಿಗ್ಗೆ ಕಾವಲಿಯ ಮೇಲೆ ಬಿಸಿ ಮಾಡುತ್ತೇವೆ. ರಾತ್ರಿ ಚಪಾತಿಯಾಗಿ ಮಲಗಿದ್ದು ಬೆಳಿಗ್ಗೆ ಪರೋಟವಾಗಿ ಏಳುತ್ತದಾ? ಈ ಸಾಲನ್ನು ನಾನು ಒಂದು ತಾಳಮದ್ದಳೆಯಲ್ಲಿ ಬಾಹುಕನ, ಅಂದರೆ ವೇಷ ಮರೆಸಿಕೊಂಡ ನಳನ, ಬಾಯಿಂದ ಹೇಳಿಸಿದ್ದೆ. ಒಳ್ಳೇ ಚಪ್ಪಾಳೆ ಬಿತ್ತು. 2024ರಲ್ಲಿ ಇಂಥದ್ದೇ ಇನ್ನೊಂದು ಕೇಸಿನಲ್ಲಿ ಕೇರಳ ಹೈಕೋರ್ಟ್ ಪರೋಟಕ್ಕೂ 5 ಸಾಕು ಎಂದಿತು.

ಕೊಬ್ಬರಿ ಎಣ್ಣೆಯ ಕೇಸು ಹೇಳದೆ ಎದ್ದರೆ ಕರಾವಳಿಯವರು ನನ್ನನ್ನು ಬಿಡುವುದಿಲ್ಲ. ಚಿಕ್ಕ ಬಾಟಲಿಯಲ್ಲಿ ಮಾರುವ ಕೊಬ್ಬರಿ ಎಣ್ಣೆ ಅಡುಗೆಗೋ ತಲೆಗೋ? ಬಾಟಲಿ ಚಿಕ್ಕದು, ಆದ್ದರಿಂದ ತಲೆಗೆ ಎಂದರು ತೆರಿಗೆಯವರು. 2018ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಅಡುಗೆಗೆ ಎಂದರು, ಇನ್ನೊಬ್ಬರು ತಲೆಗೆ ಎಂದರು. 2024ರ ಡಿಸೆಂಬರಿನಲ್ಲಿ ಮೂವರ ಪೀಠ ಕುಳಿತು, ಬಾಟಲಿ ಚಿಕ್ಕದು ಅಂದ ಮಾತ್ರಕ್ಕೆ ತಲೆಗೆಣ್ಣೆ ಆಗುವುದಿಲ್ಲ ಎಂದಿತು. ಸರಿಯಾದ ಮಾತು. ನಮ್ಮ ಅತ್ತೆ ಒಗ್ಗರಣೆಗೆ ಎಣ್ಣೆ ಬಗ್ಗಿಸಿ, ಬಾಟಲಿಯ ಕುತ್ತಿಗೆಯಿಂದ ಇಳಿದ ಹನಿಯನ್ನು ಬೆರಳಲ್ಲಿ ಸವರಿ, ಅದೇ ಕೈಯನ್ನು ನನ್ನ ನೆತ್ತಿಗೆ ಒರೆಸುತ್ತಿದ್ದರು. ಆ ಎಣ್ಣೆಗೆ ಶೇಕಡಾ ಎಷ್ಟು ಹಾಕುತ್ತೀರಿ?

ಇದರ ಕೊನೆಯ ಅಂಕವೇ ಮಜಾ. ಅಡುಗೆಯ ಕೊಬ್ಬರಿ ಎಣ್ಣೆಗೆ ಶೇಕಡಾ 5 ಇತ್ತು, ತಲೆಗೆಣ್ಣೆಗೆ 18. 2025ರ ಸೆಪ್ಟೆಂಬರ್ 22ರಿಂದ ತಲೆಗೆಣ್ಣೆಗೂ 5 ಮಾಡಿದರು. ಅದೇ ದಿನ ರೊಟ್ಟಿ, ಚಪಾತಿ, ಪರೋಟ ಎಲ್ಲಕ್ಕೂ ಸೊನ್ನೆ. ಅಷ್ಟು ವರ್ಷದ ವಾದ, ಅಷ್ಟು ಕಟ್ಟು ಕಾಗದ. ಪಟ್ಟಿಯಲ್ಲಿ ಎರಡು ಅಂಕಿ ತಿದ್ದಿದರು, ಹಳೆಯ ಬಾಕಿ ಬಿಟ್ಟರೆ ಇನ್ನು ಕೇಳುವುದಕ್ಕೆ ಪ್ರಶ್ನೆಯೇ ಇಲ್ಲ. ನೋಡಿದಿರಾ? ತೀರ್ಪು ಬದಲಾಗಲಿಲ್ಲ, ತರ್ಕ ಬದಲಾಗಲಿಲ್ಲ. ನಾನು ಮೊದಲೇ ಹೇಳಿದ್ದೆ.

ಅಮೆರಿಕದ ಟೊಮೆಟೊ ಕೇಸು ಹೇಳೋಣ ಎಂದುಕೊಂಡಿದ್ದೆ. ಗಾಜಿನ ಆಚೆ ಇರುವವರು ಕೈ ಎತ್ತಿದ್ದಾರೆ, ಭಾಗವತರು ಪದ್ಯ ಮುಗಿಸು ಅಂತ ಜಾಗಟೆ ಹೊಡೆಯುವ ಹಾಗೆ. ಆಯ್ತು, ನಿಲ್ಲಿಸುತ್ತೇನೆ. ಶುಂಠಿ ಪಲ್ಯ ಮಾಡುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ನಿಲಯಕ್ಕೆ ಒಂದು ಕಾರ್ಡು ಬರೆದು ಹಾಕಿ. ನಮಸ್ಕಾರ.