ಚಿನ್ನದ ಕಣದ ಮೇಲೆ ಕ್ಯಾನ್ಸರ್ ಮದ್ದು

ಕೇಳುಗರಿಗೆ ನಮಸ್ಕಾರ.

ನಮ್ಮ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಮೂರು ವಾರಕ್ಕೊಮ್ಮೆ ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿ ಕೀಮೋಗೆ ಬೆಂಗಳೂರಿಗೆ ಹೋಗುತ್ತಿದ್ದೆವು. ಎರಡನೇ ಸಲಕ್ಕೇ ಕೂದಲು ಉದುರಿತು. ಬಾಯಲ್ಲೆಲ್ಲ ಹುಣ್ಣು, ಮುದ್ದೆ ನುಂಗಲಿಕ್ಕೂ ಆಗುತ್ತಿರಲಿಲ್ಲ. "ರೋಗ ಇರೋದು ಎದೇಲಿ, ಕೂದಲು ಯಾಕೆ ಉದುರಬೇಕು?" ಅಂತ ಕೇಳಿದ್ದರು.

ಕೀಮೋ ಮದ್ದು ರಕ್ತದ ಜೊತೆ ಮೈಯೆಲ್ಲ ಓಡಾಡುತ್ತದೆ. ಬೇಗ ಬೇಗ ಬೆಳೆಯುವ ಜೀವಕೋಶ ಎಲ್ಲಿದ್ದರೂ ಹೊಡೆಯುತ್ತದೆ. ಕೂದಲ ಬುಡ, ಬಾಯಿಯ ಒಳಪದರ ಕೂಡ ಬೇಗ ಬೆಳೆಯುವಂಥವೇ ಅಲ್ವಾ? ಮದ್ದನ್ನು ಗಡ್ಡೆಗೆ ಮಾತ್ರ ತಲುಪಿಸಲು ವಿಜ್ಞಾನಿಗಳು ನೆಚ್ಚಿಕೊಂಡಿರುವ ಲೋಹಗಳಲ್ಲಿ ಒಂದು ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತು. ಚಿನ್ನ.

2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಯಲ್ಲಿ ನಮ್ಮವರು ಮೂರು ಕಿಲೋಮೀಟರ್‌ಗೂ ಜಾಸ್ತಿ ಆಳಕ್ಕೆ ಇಳಿದು ತೆಗೆದದ್ದು ಹಳದಿ ಚಿನ್ನ. ಮದ್ದು ಹೊರುವ ಚಿನ್ನ ಕೆಂಪು! ಹತ್ತಿಪ್ಪತ್ತು ನ್ಯಾನೊಮೀಟರ್‌ನ ಕಣಗಳು ನೀರಲ್ಲಿ ತೇಲಿದರೆ ದಾಳಿಂಬೆ ರಸದ ಬಣ್ಣ ಬರುತ್ತದೆ. ಒಂದು ಕೂದಲಿನ ದಪ್ಪಕ್ಕೆ ಇಂಥ ಸಾವಿರಾರು ಕಣಗಳು ಸಾಲಾಗಿ ಕೂರುತ್ತವೆ.

ಚಿನ್ನ ಸುಲಭಕ್ಕೆ ಯಾವುದರ ಜೊತೆಯೂ ಸೇರುವುದಿಲ್ಲ. ಆದರೆ ಗಂಧಕ ಸಿಕ್ಕರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಗಂಧಕ ಇರುವ ಅಣುವಿನ ಒಂದು ತುದಿಯನ್ನು ಕಣಕ್ಕೆ ಅಂಟಿಸಿ, ಇನ್ನೊಂದು ತುದಿಗೆ ಮದ್ದು ಕಟ್ಟುತ್ತಾರೆ.

ಗಡ್ಡೆಯದು ಅವಸರದ ಬೆಳವಣಿಗೆ. ಅದರ ರಕ್ತನಾಳಗಳು, ಟೊಮ್ಯಾಟೊ ತೋಟದಲ್ಲಿ ಇಲಿ ಕಡಿದ ಡ್ರಿಪ್ ಪೈಪಿನ ಹಾಗೆ, ಅಲ್ಲಲ್ಲಿ ಸೋರುತ್ತವೆ. ಕಣ ಅಲ್ಲಿ ನುಸುಳುತ್ತದೆ. ಗಡ್ಡೆಯ ಸುತ್ತ ಹುಳಿ ಅಂಶ ಸ್ವಲ್ಪ ಜಾಸ್ತಿ. ಹುಳಿಗೆ ಬಿಚ್ಚಿಕೊಳ್ಳುವ ಕೊಂಡಿ ಹಾಕಿದ್ದರೆ ಮದ್ದು ಅಲ್ಲೇ ಇಳಿಯುತ್ತದೆ.

ಇದನ್ನು ಓದಿದಾಗ ನನಗೆ ತುಂಬಾ ಆಸೆ ಹುಟ್ಟಿತ್ತು. ಆದರೆ ಟೊರೊಂಟೊದ ಸಂಶೋಧಕರು ಬಗೆಬಗೆಯ ನ್ಯಾನೊಕಣಗಳ 10 ವರ್ಷಗಳ ಪ್ರಯೋಗಗಳನ್ನು ಒಟ್ಟಿಗಿಟ್ಟು 2016ರಲ್ಲಿ ಲೆಕ್ಕ ಹಾಕಿದರು. ಸಾವಿರ ಕಣ ಕೊಟ್ಟರೆ ಗಡ್ಡೆ ಮುಟ್ಟುವುದು ಸುಮಾರು ಏಳು. ಮಿಕ್ಕವುಗಳಲ್ಲಿ ಹೆಚ್ಚಿನವನ್ನು ಲಿವರ್, ಗುಲ್ಮ ಹಿಡಿದಿಟ್ಟುಕೊಳ್ಳುತ್ತವೆ. ಹಾಗಂತ ಕೆಲಸ ನಿಂತಿಲ್ಲ. ಅಮೆರಿಕದಲ್ಲಿ ಒಂದು ಪ್ರೋಟೀನ್ ಮದ್ದನ್ನು 27 ನ್ಯಾನೊಮೀಟರ್ ಚಿನ್ನದ ಮೇಲೆ ಕೂರಿಸಿ ಕೊಟ್ಟಾಗ, ಬರೀ ಮದ್ದಿಗಿಂತ ಜಾಸ್ತಿ ಪ್ರಮಾಣವನ್ನು ರೋಗಿಗಳು ತಡೆದುಕೊಂಡರು. ಇದು 2010ರ ವರದಿ. ಅದಿನ್ನೂ ಮೊದಲ ಹಂತದ ಪರೀಕ್ಷೆ ಅಷ್ಟೇ.

ಆ ದಿನಗಳಲ್ಲಿ ಯಾರೋ ಮನೆಗೆ ಬಂದು, ಚಿನ್ನದ ಔಷಧಿ ಇದೆ, ಕೀಮೋ ಬಿಡಿ ಅಂದಿದ್ದರು. ಚಿಕ್ಕಮ್ಮ ಸುಮ್ನೆ ಕೇಳಿಸಿಕೊಂಡರು. ಮಾರನೇ ದಿನ ನನ್ನ ಕೈ ಹಿಡಿದು ರೈಲು ಹತ್ತಿದರು. ಈಗ ಅವರಿಗೆ ಕೂದಲು ಮತ್ತೆ ಬಂದಿದೆ. ಈ ಸಲ ಗುಂಗುರು.

ನಮಸ್ಕಾರ.