ಫೋಟೋ ಉಳಿಯಿತು, ಹೆಸರು ಹೋಯಿತು: ಹೊಸ ಫೋಟೋ ಸಾಫ್ಟ್‌ವೇರ್‌ಗಳಲ್ಲಿ ಏನು ನೋಡಬೇಕು?

[ಪರದೆ: ಹಳೆಯ ಪಿಕಾಸಾ. ಮುಖಗಳ ಸಾಲು, ಪ್ರತಿ ಮುಖದ ಕೆಳಗೆ ಹೆಸರು.]

ನಮಸ್ಕಾರ. ಫೋಟೋ ನೋಡಲು, ಜೋಡಿಸಲು ಬಳಸುತ್ತಿದ್ದ ಪಿಕಾಸಾ ನೆನಪಿದೆಯಾ? ಒಂದು ಕಾಲದಲ್ಲಿ ಮನೆಯಲ್ಲಿ ಕಂಪ್ಯೂಟರ್ ಇದೆ ಅಂದರೆ ಅದರಲ್ಲಿ ಪಿಕಾಸಾ ಇದೆ ಅಂತಲೇ ಲೆಕ್ಕ. 2004ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು, ಎಲ್ಲರಿಗೂ ಪುಕ್ಕಟೆ ಕೊಟ್ಟಿತು. 2016ರಲ್ಲಿ ನಿಲ್ಲಿಸಿಯೂ ಬಿಟ್ಟಿತು.

ಅದರಲ್ಲಿ ಮುಖ ಗುರುತಿಸುವ ಸೌಲಭ್ಯ ಇತ್ತು. ಮದುವೆ ಫೋಟೋಗಳನ್ನು ಮುಂದಿಟ್ಟುಕೊಂಡು ದೊಡ್ಡಮ್ಮ, ಸೋದರಮಾವ, ಹುಬ್ಬಳ್ಳಿ ಅತ್ತೆ ಅಂತ ಒಂದೊಂದೇ ಮುಖಕ್ಕೆ ಹೆಸರು ಕೊಟ್ಟವರು ಬಹಳ ಜನ. ಪಿಕಾಸಾ ನಿಂತ ಮೇಲೆ ಫೋಟೋಗಳು ಎಲ್ಲೂ ಹೋಗಲಿಲ್ಲ. ಆದರೆ ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಹೆಸರೇ ಕಾಣುತ್ತಿರಲಿಲ್ಲ. ಯಾಕೆಂದರೆ ಆ ಹೆಸರುಗಳು ಫೋಟೋದ ಒಳಗೆ ಇರಲೇ ಇಲ್ಲ. ಮುಖದ ಗುರುತೆಲ್ಲ ಪಿಕಾಸಾ ಡಾಟ್ ಐಎನ್‌ಐ ಅನ್ನುವ ಪುಟ್ಟ ಫೈಲ್‌ನಲ್ಲಿ ಕೂತಿತ್ತು. ಅದು ಕಣ್ಣಿಗೆ ಕಾಣದ ಹಾಗೆ ಇರುವ ಫೈಲ್. ಬೇರೆಯವರು ಅದನ್ನು ಓದುತ್ತಿರಲಿಲ್ಲ. ಹೆಸರನ್ನು ಫೋಟೋದೊಳಗೇ ಬರೆಯುವ ಆಯ್ಕೆ ಆಮೇಲೆ ಬಂತು, ನಿಜ. ಅದನ್ನು ಸೆಟಿಂಗ್ಸ್‌ಗೆ ಹೋಗಿ ಆನ್ ಮಾಡಬೇಕಿತ್ತು. ಯಾರು ಹೋಗಿ ನೋಡುತ್ತಾರೆ, ಅಲ್ವಾ?

ಈಗ ಫೋಟೋ ಸಾಫ್ಟ್‌ವೇರ್ ಅಂದ ತಕ್ಷಣ ಎಲ್ಲರೂ ಎಐ ಬಗ್ಗೆ ಮಾತಾಡುತ್ತಾರೆ. ನಾವೂ ಮಾತಾಡೋಣ. ಆದರೆ ಜೊತೆಗೆ ಒಂದು ಪ್ರಶ್ನೆ ಕೇಳುತ್ತಾ ಹೋಗೋಣ. ನಾನು ಮಾಡಿದ ಕೆಲಸವನ್ನು ಇದು ಎಲ್ಲಿ ಬರೆದಿಡುತ್ತದೆ?

[ಪರದೆ: ಒಂದೇ ಫೋಟೋ, ಎಡಕ್ಕೆ ಮೂಲ, ಬಲಕ್ಕೆ ಎಡಿಟ್ ಆದದ್ದು.]

ಮೊದಲು ಎಡಿಟಿಂಗ್. 1990ರಲ್ಲಿ ಫೋಟೋಶಾಪ್ ಬಂದಾಗ ಎಡಿಟಿಂಗ್ ಅಂದರೆ ಚಿತ್ರದ ಪಿಕ್ಸೆಲ್‌ಗಳನ್ನೇ ತಿದ್ದುವುದು. ಅದೇ ಹೆಸರಿನಲ್ಲಿ ಸೇವ್ ಒತ್ತಿದರೆ ಮೂಲ ಹೋದ ಹಾಗೆಯೇ. 2005ರಲ್ಲಿ ಆ್ಯಪಲ್‌ನ ಅಪರ್ಚರ್, 2007ರಲ್ಲಿ ಅಡೋಬಿಯ ಲೈಟ್‌ರೂಮ್ ಬಂದವು. ಇವು ಮೂಲವನ್ನು ಮುಟ್ಟುವುದೇ ಇಲ್ಲ. ಟೈಲರ್ ಬಟ್ಟೆ ಮೇಲೆ ಚಾಕ್‌ನಲ್ಲಿ ಗೆರೆ ಹಾಕುತ್ತಾನಲ್ಲ, ಹಾಗೆ. ಬೆಳಕು ಇಷ್ಟು ಜಾಸ್ತಿ, ನೆರಳು ಇಷ್ಟು ಕಡಿಮೆ, ಇಲ್ಲಿಂದ ಕ್ರಾಪ್ ಅಂತ ಸುಮ್ನೆ ಗುರುತು ಮಾಡಿಟ್ಟುಕೊಳ್ಳುತ್ತವೆ. ಕತ್ತರಿ ಹಾಕುವುದು ಎಕ್ಸ್‌ಪೋರ್ಟ್ ಮಾಡುವಾಗ, ಅದೂ ಒಂದು ಪ್ರತಿಯ ಮೇಲೆ ಮಾತ್ರ.

ಸರಿ, ಆ ಗುರುತುಗಳು ಎಲ್ಲಿರುತ್ತವೆ? ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಅವೆಲ್ಲ ಕ್ಯಾಟಲಾಗ್ ಅನ್ನುವ ಒಂದು ಫೈಲ್‌ಗೆ ಹೋಗುತ್ತವೆ. ಆ ಫೈಲ್ ಕೆಟ್ಟರೆ, ಬ್ಯಾಕಪ್ ಇಲ್ಲದಿದ್ದರೆ, ವರ್ಷಗಟ್ಟಲೆ ಮಾಡಿದ ಎಡಿಟಿಂಗ್ ಹೋಯಿತು. ಅದಕ್ಕೇ ಕ್ಯಾಟಲಾಗ್ ಸೆಟಿಂಗ್ಸ್‌ನಲ್ಲಿ ಎಕ್ಸ್‌ಎಂಪಿಗೂ ತಾನಾಗಿಯೇ ಬರೆಯುವ ಒಂದು ಆಯ್ಕೆ ಇದೆ. ಎಕ್ಸ್‌ಎಂಪಿ ಅಂದರೆ ಫೋಟೋದ ಜೊತೆ ಮಾಹಿತಿ ಬರೆದಿಡುವ ಒಂದು ಕ್ರಮ. ಅಡೋಬಿ 2001ರಲ್ಲಿ ತಂದದ್ದು, ಈಗ ಬಹುತೇಕ ಎಲ್ಲರೂ ಬಳಸುತ್ತಾರೆ. ರಾ ಫೈಲ್, ಅಂದರೆ ಕ್ಯಾಮೆರಾ ಹಿಡಿದದ್ದನ್ನು ಸಂಸ್ಕರಿಸದೆ ಹಾಗೆಯೇ ಇಟ್ಟ ಫೈಲ್ ಆದರೆ, ಪಕ್ಕದಲ್ಲೇ ಅದೇ ಹೆಸರಿನ ಪುಟ್ಟ ಫೈಲ್ ಹುಟ್ಟುತ್ತದೆ. ಜೆಪೆಗ್ ಆದರೆ ಫೋಟೋದ ಒಳಗೇ ಸೇರುತ್ತದೆ. ಈ ಆಯ್ಕೆ ಮೊದಲಿಂದ ಆನ್ ಇರುವುದಿಲ್ಲ. ಇವತ್ತೇ ಆನ್ ಮಾಡಿ.

ಹಾಗಂತ ಎಕ್ಸ್‌ಎಂಪಿ ಇದ್ದರೆ ಎಲ್ಲವೂ ಬೇರೆ ಕಡೆ ತೆರೆಯುತ್ತದೆ ಅಂದುಕೊಳ್ಳಬೇಡಿ. ಆ್ಯಪಲ್ 2014ರಲ್ಲಿ ಅಪರ್ಚರ್ ನಿಲ್ಲಿಸುವುದಾಗಿ ಹೇಳಿತು. ಲೈಟ್‌ರೂಮ್‌ಗೆ ಹೋದವರಿಗೆ ಕೀವರ್ಡ್ ಬಂದವು, ಸ್ಟಾರ್ ರೇಟಿಂಗ್ ಬಂತು. ಎಡಿಟಿಂಗ್ ಬರಲಿಲ್ಲ. ಒಬ್ಬರ ಬೆಳಕಿನ ಲೆಕ್ಕ ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. ಡಾರ್ಕ್‌ಟೇಬಲ್‌ನಂಥ ಉಚಿತ, ಓಪನ್ ಸೋರ್ಸ್ ಸಾಫ್ಟ್‌ವೇರ್‌ನಲ್ಲೂ ಇದೇ ಕಥೆ. ಹಾಗಾಗಿ ತುಂಬಾ ಬೇಕಾದ ಫೋಟೋಗಳನ್ನು ಎಡಿಟ್ ಮಾಡಿದ ಮೇಲೆ ಒಳ್ಳೆಯ ಗುಣಮಟ್ಟದ ಜೆಪೆಗ್ ತೆಗೆದಿಟ್ಟುಬಿಡಿ. ಅದನ್ನು ಯಾರೂ ವಾಪಸ್ ಕೇಳುವುದಿಲ್ಲ.

[ಪರದೆ: ಜಾತ್ರೆಯ ತೇರಿನ ಫೋಟೋ. ಮುಂದೆ ಅಡ್ಡ ಬಂದ ಬೈಕ್ ನಿಧಾನಕ್ಕೆ ಮಾಯವಾಗುತ್ತದೆ.]

ಈಗ ಎಐಗೆ ಬರೋಣ. ಬೇಡದ್ದನ್ನು ಅಳಿಸುವುದು ಹೊಸದೇನಲ್ಲ. 2010ರಲ್ಲೇ ಫೋಟೋಶಾಪ್‌ನಲ್ಲಿ ಕಂಟೆಂಟ್ ಅವೇರ್ ಫಿಲ್ ಬಂದಿತ್ತು. ಅದು ಅದೇ ಫೋಟೋದ ಬೇರೆ ಜಾಗದಿಂದ ತುಣುಕು ತಂದು ತೇಪೆ ಹಾಕುತ್ತಿತ್ತು. ಹುಲ್ಲು, ಆಕಾಶ ಆದರೆ ಸರಿ. ತೇರಿನ ಗಾಲಿಯ ಮುಂದೆ ಬೈಕ್ ನಿಂತಿದ್ದರೆ ಎಡವಟ್ಟಾಗುತ್ತಿತ್ತು. 2023ರಲ್ಲಿ ಬಂದ ಜನರೇಟಿವ್ ಫಿಲ್ ಬೇರೆಯದೇ ಜಾತಿ. ಅದು ಲೆಕ್ಕವಿಲ್ಲದಷ್ಟು ಚಿತ್ರಗಳಿಂದ ಕಲಿತು, ಬೈಕ್‌ನ ಹಿಂದೆ ಏನಿರಬಹುದು ಅಂತ ಊಹಿಸಿ ಹೊಸದಾಗಿ ಬರೆಯುತ್ತದೆ. ಗಾಲಿಯೂ ಬರುತ್ತದೆ, ನೋಡಲು ಚೆನ್ನಾಗಿಯೂ ಇರುತ್ತದೆ. ಆದರೆ ಅದು ನಿಮ್ಮೂರ ತೇರಿನ ಗಾಲಿ ಅಲ್ಲ.

ಫೋನ್‌ನಲ್ಲೂ ಇದು ಬಂದಾಯಿತು. ಗೂಗಲ್‌ನ ಮ್ಯಾಜಿಕ್ ಎರೇಸರ್ 2021ರಲ್ಲಿ ಅವರದೇ ಪಿಕ್ಸೆಲ್ 6 ಫೋನ್ ಜೊತೆ ಬಂತು, 2024ರಲ್ಲಿ ಗೂಗಲ್ ಫೋಟೋಸ್ ಬಳಸುವ ಎಲ್ಲರಿಗೂ ಉಚಿತವಾಯಿತು. 2025ರ ಪಿಕ್ಸೆಲ್ 10ರಲ್ಲಿ ಏನು ಬದಲಾಗಬೇಕು ಅಂತ ಮಾತಲ್ಲೇ ಹೇಳಿದರೆ ಎಡಿಟ್ ಆಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಇವುಗಳಲ್ಲಿ ನಿಜಕ್ಕೂ ಕೆಲಸಕ್ಕೆ ಬಂದದ್ದು ಅಷ್ಟೇನೂ ಸದ್ದು ಮಾಡದ ಒಂದು. ಲೈಟ್‌ರೂಮ್‌ಗೆ 2023ರಲ್ಲಿ ಬಂದ ಎಐ ಡಿನಾಯ್ಸ್. ರಾತ್ರಿ ಯಕ್ಷಗಾನ, ಸಂಜೆ ಮಂಟಪದ ಮಂದ ಬೆಳಕು, ಇಂಥ ಕಡೆ ತೆಗೆದ ರಾ ಫೋಟೋಗಳ ಕಾಳುಕಾಳು ಹೋಗುತ್ತದೆ, ಸೀರೆಯ ನೇಯ್ಗೆ ಬಹುಮಟ್ಟಿಗೆ ಉಳಿಯುತ್ತದೆ. ಹಿಂದಿನ ಉಪಾಯಗಳು ಎರಡನ್ನೂ ಒಟ್ಟಿಗೆ ಒರೆಸಿಬಿಡುತ್ತಿದ್ದವು.

ಇನ್ನು, ಫೋಟೋದಲ್ಲಿ ಯಂತ್ರ ಬರೆದದ್ದು ಎಷ್ಟು ಅಂತ ಗೊತ್ತಾಗುವುದು ಹೇಗೆ? ಅದಕ್ಕೆ ಸಿ2ಪಿಎ ಅನ್ನುವ ಕ್ರಮ ಇದೆ. 2021ರಲ್ಲಿ ಅಡೋಬಿ, ಮೈಕ್ರೋಸಾಫ್ಟ್, ಬಿಬಿಸಿ ಮುಂತಾದವರು ಸೇರಿ ಶುರು ಮಾಡಿದ್ದು. ಯಾವ ಕ್ಯಾಮೆರಾ, ಆಮೇಲೆ ಏನು ಬದಲಾಯಿತು, ಎಐ ಬಳಕೆ ಆಗಿದೆಯಾ ಅನ್ನುವುದನ್ನು ಡಿಜಿಟಲ್ ಸಹಿ ಹಾಕಿ ಫೈಲ್ ಜೊತೆಗೇ ಕಟ್ಟುತ್ತದೆ. 2023ರ ಲೈಕಾ ಎಂ11-ಪಿ ಇದನ್ನು ಮೊದಲು ತಂದ ಕ್ಯಾಮೆರಾ. ಯೋಚನೆ ಒಳ್ಳೆಯದೇ. ಆದರೆ ಫೋಟೋವನ್ನು ಕುಗ್ಗಿಸಿ ಕಳಿಸುವ ಆ್ಯಪ್ ಸಿಕ್ಕಿತೋ, ಈ ಸಹಿ ದಾರಿಯಲ್ಲೇ ಉದುರಿಹೋಗುತ್ತದೆ.

ಉದುರುವುದು ಸಹಿ ಒಂದೇ ಅಲ್ಲ. ವಾಟ್ಸಾಪ್‌ನಲ್ಲಿ ಸಾಮಾನ್ಯವಾಗಿ ಫೋಟೋ ಕಳಿಸಿದರೆ ತೆಗೆದ ದಿನಾಂಕ, ಜಾಗ, ಕ್ಯಾಮೆರಾ ವಿವರ ಎಲ್ಲ ಹೋಗುತ್ತದೆ. ಡಬ್ಲ್ಯುಎ ಅಂತ ಇರುವ ಫೈಲ್ ಹೆಸರಿನಲ್ಲಿ ಕಾಣುವ ದಿನಾಂಕ ಫೋಟೋ ತೆಗೆದ ದಿನದ್ದಲ್ಲ. ಹೋದ ವರ್ಷದ ಸೀಮಂತದ ಫೋಟೋ ನಿನ್ನೆ ಬಂದರೆ ಅದು ನಿನ್ನೆಯ ಸಾಲಿಗೇ ಸೇರುತ್ತದೆ. ನಮ್ಮಲ್ಲಿ ಮನೆಮನೆಯ ಫೋಟೋ ಸಂಗ್ರಹ ಗೋಜಲಾಗಿರುವುದಕ್ಕೆ ಇದೇ ದೊಡ್ಡ ಕಾರಣ ಅಂತ ನನಗನ್ನಿಸುತ್ತದೆ. ಬೇಕಾದ ಫೋಟೋ ಆದರೆ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಹೇಳಿ. ಹಾಗೆ ಬಂದರೆ ಎಲ್ಲ ವಿವರ ಉಳಿಯುತ್ತದೆ.

[ಪರದೆ: ಹುಡುಕುವ ಪೆಟ್ಟಿಗೆಯಲ್ಲಿ ಕನ್ನಡದಲ್ಲಿ ಟೈಪ್ ಆಗುತ್ತದೆ: ಮಳೆಯಲ್ಲಿ ಕೆಂಪು ಕೊಡೆ.]

ಜೋಡಿಸುವ, ಹುಡುಕುವ ವಿಷಯದಲ್ಲಿ ಆದ ಬದಲಾವಣೆ ಎಡಿಟಿಂಗ್‌ಗಿಂತ ದೊಡ್ಡದು. ಮುಖ ಗುರುತಿಸುವಾಗ ಸಾಫ್ಟ್‌ವೇರ್ ಪ್ರತಿ ಮುಖವನ್ನೂ ಅಂಕಿಗಳ ಸಾಲಾಗಿ ಬದಲಿಸುತ್ತದೆ. 2015ರಲ್ಲಿ ಗೂಗಲ್ ಸಂಶೋಧಕರು ಪ್ರಕಟಿಸಿದ ಫೇಸ್‌ನೆಟ್ ಅನ್ನುವ ಮಾದರಿ ಒಂದು ಮುಖಕ್ಕೆ 128 ಅಂಕಿ ಬಳಸಿತ್ತು. ಹತ್ತಿರ ಹತ್ತಿರ ಬಂದ ಅಂಕಿಗಳನ್ನು ಒಬ್ಬರದೇ ಮುಖ ಅಂತ ಗುಂಪು ಮಾಡುತ್ತದೆ. ಅಕ್ಕ-ತಂಗಿಯರು ಕಲಸಿಹೋಗುವುದು, ಅದೇ ಮಗು ಹತ್ತು ವರ್ಷದ ನಂತರ ಬೇರೆ ಗುಂಪಿಗೆ ಹೋಗುವುದು ಇದರಿಂದಲೇ. ಹುಡುಕಾಟಕ್ಕೆ 2021ರಲ್ಲಿ ಓಪನ್‌ಎಐ ಬಿಟ್ಟ ಕ್ಲಿಪ್ ಅನ್ನುವ ಎಐ ಮಾದರಿ ದಾರಿ ಮಾಡಿತು. 40 ಕೋಟಿ ಚಿತ್ರ ಮತ್ತು ವಿವರಣೆಗಳ ಜೋಡಿಯಿಂದ ಕಲಿತದ್ದು. ಚಿತ್ರವೂ ಅಂಕಿ, ಮಾತೂ ಅಂಕಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತದೆ. ಮೊದಲೇ ಟ್ಯಾಗ್ ಹಾಕಿಡುವ ಕೆಲಸವೇ ಇಲ್ಲ.

ಇದನ್ನು ಮನೆಯ ಕಂಪ್ಯೂಟರ್‌ನಲ್ಲೇ ನಡೆಸಬಹುದು. ಇಮ್ಮಿಚ್ ಅನ್ನುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದೆ. ನೋಡಲು ಗೂಗಲ್ ಫೋಟೋಸ್ ಹಾಗೆಯೇ, ಆದರೆ ಫೋಟೋಗಳು ನಿಮ್ಮ ಡಿಸ್ಕ್‌ನಲ್ಲೇ ಇರುತ್ತವೆ. ಹುಡುಕುವ ಮಾದರಿಯನ್ನು ಬದಲಿಸಿಕೊಳ್ಳಬಹುದು, ಕನ್ನಡ ಗೊತ್ತಿರುವ ಬಹುಭಾಷಾ ಮಾದರಿಗಳೂ ಸಿಗುತ್ತವೆ. ಹಾಕಿಕೊಳ್ಳಲು ಸ್ವಲ್ಪ ತಾಳ್ಮೆ ಬೇಕು, ಸುಳ್ಳು ಹೇಳುವುದಿಲ್ಲ. ಬ್ಯಾಕಪ್ ಹೊಣೆಯೂ ನಿಮ್ಮದೇ.

ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಜಿಮೇಲ್, ಡ್ರೈವ್ ಎಲ್ಲ ಸೇರಿ 15 ಜಿಬಿ. ತುಂಬಿದಾಗ ಜನ ಟೇಕ್‌ಔಟ್ ಅನ್ನುವ ಗೂಗಲ್‌ನದೇ ಸೌಲಭ್ಯದ ಮೂಲಕ ಎಲ್ಲವನ್ನೂ ಇಳಿಸಿಕೊಳ್ಳುತ್ತಾರೆ. ಇಲ್ಲಿ ಮತ್ತೆ ನಮ್ಮ ಪ್ರಶ್ನೆ. ಆ್ಯಪ್‌ನಲ್ಲಿ ನೀವು ತಿದ್ದಿದ ದಿನಾಂಕ, ಬರೆದ ವಿವರಣೆ, ಕೊಟ್ಟ ಹೆಸರು ಫೋಟೋದೊಳಗೆ ಬರುವುದಿಲ್ಲ. ಪ್ರತಿ ಫೋಟೋದ ಜೊತೆ ಒಂದು ಜೇಸನ್ ಫೈಲ್ ಬರುತ್ತದೆ, ಎಲ್ಲ ಅದರಲ್ಲಿರುತ್ತದೆ. ಕಸ ಅಂದುಕೊಂಡು ಅದನ್ನು ಡಿಲೀಟ್ ಮಾಡಬೇಡಿ! ಇಮ್ಮಿಚ್‌ನಲ್ಲೂ ಮುಖದ ಹೆಸರುಗಳು ಅದರ ಸ್ವಂತ ಡೇಟಾಬೇಸ್‌ನಲ್ಲಿರುತ್ತವೆ. ಈ ವಿಷಯದಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಡಿಜಿಕ್ಯಾಮ್. ಉಚಿತ, ವಿಂಡೋಸ್‌ನಲ್ಲೂ ನಡೆಯುತ್ತದೆ, ರೂಪದಲ್ಲಿ ಏನೂ ಚಂದ ಇಲ್ಲ. ಆದರೆ ಮೆಟಾಡೇಟಾ, ಅಂದರೆ ಫೋಟೋದ ಬಗೆಗಿನ ಮಾಹಿತಿಯ ಸೆಟಿಂಗ್ಸ್‌ನಲ್ಲಿ ಮುಖದ ಗುರುತನ್ನೂ ಫೈಲ್‌ಗೇ ಬರೆ ಅಂತ ಹೇಳಬಹುದು. ಎಕ್ಸ್‌ಎಂಪಿ ಬಳಸುವುದು ಎಲ್ಲ ಭಾಷೆಯ ಅಕ್ಷರಗಳಿಗೂ ಜಾಗವಿರುವ ಯುನಿಕೋಡ್ ಆದ್ದರಿಂದ ಹೆಸರು ಕನ್ನಡದಲ್ಲೇ ಇರಲಿ.

[ಪರದೆ: ಎರಡು ಕಿಟಕಿ ಪಕ್ಕಪಕ್ಕ, ಎರಡರಲ್ಲೂ ಅದೇ ಫೋಟೋ.]

ಯಾವ ಸಾಫ್ಟ್‌ವೇರ್ ಆದರೂ ಸಾವಿರಾರು ಫೋಟೋ ತುಂಬುವ ಮೊದಲು ಒಂದೇ ಫೋಟೋದಲ್ಲಿ ಪರೀಕ್ಷೆ ಮಾಡಿ. ಒಂದು ಮುಖಕ್ಕೆ ಹೆಸರು ಕೊಡಿ. ದಿನಾಂಕ ತಿದ್ದಿ. ಕನ್ನಡದಲ್ಲಿ ಒಂದು ಸಾಲು ವಿವರಣೆ ಬರೆಯಿರಿ. ಆಮೇಲೆ ಆ ಫೋಟೋವನ್ನು ಹೊರತೆಗೆದು ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡಿ. ಮೂರೂ ಕಾಣಿಸಿದರೆ ಧೈರ್ಯವಾಗಿ ಮುಂದುವರಿಯಿರಿ. ಯಾವುದು ಕಾಣಿಸಲಿಲ್ಲ, ಯಾವ ಸಾಫ್ಟ್‌ವೇರ್‌ನಲ್ಲಿ ಅಂತ ಕಮೆಂಟ್‌ನಲ್ಲಿ ಬರೆಯಿರಿ. ಸ್ಟುಡಿಯೋದ ಹಳೆಯ ಪ್ರಿಂಟ್‌ಗಳನ್ನು ಸ್ಕ್ಯಾನ್ ಮಾಡಿ ಸರಿಯಾದ ದಿನಾಂಕ ಹಾಕುವುದು ಹೇಗೆ ಅನ್ನುವುದು ಮುಂದಿನ ವಿಡಿಯೋದಲ್ಲಿ.